ಕಾರವಾರದಲ್ಲಿ ಕೂತು ಅಬಿಸೀನಿಯಾ ಗೆಲ್ಲಿಸಿದ್ದು

ಪತ್ರಿಕೆಯ ಕೆಲಸಕ್ಕೆ ಸೇರುವ ಮುಂಚೆ ಕೆಲವರು ನನ್ನಲ್ಲಿಗೆ ಬರುತ್ತಾರೆ. ಬಿ.ಎ. ಆದವರು, ಎಂ.ಎ. ಆದವರು. ಚಹಾ ಕುಡಿದು ‘ನಿಮ್ಮ ಅನುಭವ ಹೇಳಿ ಸಾರ್’ ಅನ್ನುತ್ತಾರೆ. ಯಾವ ಮಂತ್ರಿಯನ್ನು ಕಂಡೆ, ಯಾವಾಗ ಸಂಪಾದಕನಾದೆ ಎಂಬುದು ಅವರಿಗೆ ಬೇಕು. ಅದನ್ನು ನಾನು ಬರೆಯುವುದಿಲ್ಲ. ಕುರ್ಚಿ ದೊಡ್ಡದಾದದ್ದರಿಂದ ನಾನು ಏನೂ ಕಲಿಯಲಿಲ್ಲ. ಕಲಿತದ್ದೆಲ್ಲ ಮೊದಲ ಒಂದು ವರ್ಷದಲ್ಲಿ, ಕಾರವಾರದ ಒಂದು ವಾರಪತ್ರಿಕೆಯ ಮುರುಕು ಸ್ಟೂಲಿನ ಮೇಲೆ. ಆ ವರ್ಷದ ಸಿಟ್ಟು ಇನ್ನೂ ಆರಿಲ್ಲ. ಆರಿದ ದಿನ ಪೆನ್ನು ಮುಟ್ಟಬಾರದು ಎಂದುಕೊಂಡಿದ್ದೇನೆ.

ನಾನು ಅಂಕೋಲಾ ತಾಲೂಕಿನವನು, ಹಿಲ್ಲೂರಿನ ಕಡೆಯ ಕಾಡಿನ ಅಂಚಿನ ಒಂದು ಕೇರಿಯವನು. ಅಪ್ಪ ಬೇರೆಯವರ ಗದ್ದೆಯಲ್ಲಿ ದುಡಿದವನು, ಅಕ್ಷರ ಕಲಿತವನಲ್ಲ. ನಾನು ಧಾರವಾಡದಲ್ಲಿ ಒಬ್ಬ ವಕೀಲರ ಮನೆಗೆ ನೀರು ಸೇದಿ, ಅವರ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿ ಬಿ.ಎ. ಮಾಡಿದೆ. ನಮ್ಮ ಕೇರಿಯಲ್ಲಿ ಮೊದಲನೆಯವನು. ಇದನ್ನು ಹೇಳುವಾಗ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ಈ ಉಬ್ಬಿದ ಎದೆಯೇ ಮುಂದೆ ಏನು ಮಾಡಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರಕಾರಿ ನೌಕರಿ ಸಿಗಲಿಲ್ಲ. ಪತ್ರಿಕೆಯ ಸಂಪಾದಕರಾದ ವಾಮನರಾಯರು ನನ್ನನ್ನು ಕರೆದರು. ಮನೆಮಾತು ಕೊಂಕಣಿ, ಬರವಣಿಗೆ ಕನ್ನಡ, ಓದುವುದು ಮರಾಠಿ. ಕಪ್ಪು ಟೊಪ್ಪಿಗೆ, ಬಿಳಿ ಕೋಟು. ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, “ಕಿತೇಂ ರೇ ಬಿ.ಎ., ಇಂಗ್ಲಿಷಿನಿಂದ ಕನ್ನಡಕ್ಕೆ ಬೇಗ ಇಳಿಸ್ತೀಯೋ?” ಎಂದರು. ಇಳಿಸುತ್ತೇನೆ ಎಂದೆ. ಆ ದಿನದಿಂದ ನಾನು ‘ಬಿ.ಎ.’ ಎಂಬ ಹೆಸರಿನವನಾದೆ.

ಆ ವರ್ಷ, ೧೯೩೫ರಲ್ಲಿ, ಮಳೆಗಾಲ ಮುಗಿಯುತ್ತಲೇ ಇಟಲಿ ಅಬಿಸೀನಿಯಾದ ಮೇಲೆ ಬಿತ್ತು. ಈಗ ಆ ದೇಶಕ್ಕೆ ಇಥಿಯೋಪಿಯಾ ಎನ್ನುತ್ತಾರೆ. ವಿಮಾನ, ಟ್ಯಾಂಕು, ವಿಷದ ಗಾಳಿ ಒಂದು ಕಡೆ; ಬರಿಗಾಲಿನ ಸೈನಿಕರು, ಹಳೆಯ ಬಂದೂಕು ಇನ್ನೊಂದು ಕಡೆ. ಬಿಳಿಯರ ವಿರುದ್ಧ ಕರಿಯ ಅರಸ ನಿಂತಿದ್ದಾನೆ ಎಂದು ಕೇಳಿ ನಮ್ಮ ಜಿಲ್ಲೆಗೆ ಜಿಲ್ಲೆಯೇ ಕಿವಿ ನೆಟ್ಟಗೆ ಮಾಡಿಕೊಂಡಿತು. ಅಂಕೋಲೆಯವರಿಗಂತೂ ಅದು ತಮ್ಮದೇ ಯುದ್ಧ. ಎರಡು ಮೂರು ವರ್ಷದ ಹಿಂದಷ್ಟೇ ಕರನಿರಾಕರಣೆ ಮಾಡಿ ಗದ್ದೆ ಕಳಕೊಂಡು, ಜೈಲು ಕಂಡು ಬಂದವರು. ತಮಗೆ ಆಗದ್ದನ್ನು ಎಲ್ಲೋ ಯಾರೋ ಮಾಡಿ ತೋರಿಸಲಿ ಎಂದು ಕಾಯುತ್ತಿದ್ದರು.

ಯುದ್ಧದ ಸುದ್ದಿ ತಯಾರಾಗುತ್ತಿದ್ದದ್ದು ಹೀಗೆ. ಮುಂಬಯಿಯಿಂದ ಆಗಬೋಟು, ಎಂದರೆ ಕರಾವಳಿಯ ಸ್ಟೀಮರು, ಪತ್ರಿಕೆಗಳ ಕಟ್ಟು ತರುತ್ತಿತ್ತು. ಒಂದು ಇಂಗ್ಲಿಷಿನದು, ಒಂದು ಮರಾಠಿಯದು. ಇಂಗ್ಲಿಷಿನದರಲ್ಲಿ ‘ರೋಮ್ ಹೇಳುತ್ತದೆ’ ಎಂದು ಒಂದು ತಂತಿ, ಅದರ ಕೆಳಗೆ ‘ಆಡಿಸ್ ಅಬಾಬಾ ಹೇಳುತ್ತದೆ’ ಎಂದು ಇನ್ನೊಂದು. ಎರಡೂ ಒಂದೇ ಊರನ್ನು ಗೆದ್ದಿರುತ್ತಿದ್ದವು. ಮರಾಠಿಯದರಲ್ಲಿ ಒಂದೇ ತಂತಿ, ಅದಕ್ಕೆ ಆವೇಶ ಸೇರಿಸಿ ನಾಲ್ಕು ಪಟ್ಟು. ಇವನ್ನು ಕತ್ತರಿಸಿ ಹರಡಿಕೊಂಡು ನಾನು ‘ಯುದ್ಧದ ವಾರ’ ಬರೆಯಬೇಕು.

ವಾಮನರಾಯರ ನಿಯಮ ಸರಳವಾಗಿತ್ತು. ರೋಮಿನ ಮಾತು ಮೂರನೇ ಪುಟಕ್ಕೆ, ಸಣ್ಣ ಅಕ್ಷರಕ್ಕೆ. ಅಬಿಸೀನಿಯಾದ ಮಾತು ಮುಖಪುಟಕ್ಕೆ, ದಪ್ಪ ಅಕ್ಷರಕ್ಕೆ. ಸೋಲಿನ ಸುದ್ದಿ ಬಂದರೆ ‘ಹಿಂದೆ ಸರಿದು ಹೊಂಚು’. ಊರು ಬಿದ್ದರೆ ‘ಶತ್ರುವನ್ನು ಒಳಗೆ ಸೆಳೆದುಕೊಂಡರು’.

“ರಾಯರೇ, ಇಟಲಿಯವರು ಮಕಾಲೆ ಊರು ಹಿಡಿದಿದ್ದಾರೆ. ಇಬ್ಬರೂ ಒಪ್ಪಿದ್ದಾರೆ,” ಎಂದೆ ಒಮ್ಮೆ.

“ಒಪ್ಪಿದರೆ ಒಪ್ಪಲಿ. ನಾವು ಒಪ್ಪಿದ್ದೇವೆಯೇ?” ಎಂದರು.

ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ಸುಬ್ರಾಯ, ಹತ್ತಿರದ ಕಿನ್ನರ ಎಂಬ ಊರಿನವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಮ್ಮಲ್ಲಿ ದಪ್ಪ ಮೊಳೆ ಇದ್ದದ್ದೇ ಸ್ವಲ್ಪ. ವಾರ ವಾರ ಬಿಚ್ಚಿ ಜೋಡಿಸುವ ತಾಪತ್ರಯ ಬೇಡವೆಂದು ಅವನು ‘ಅಬಿಸೀನಿಯಾಕ್ಕೆ ಜಯ’ ಎಂಬ ಸಾಲನ್ನು ದಾರದಿಂದ ಕಟ್ಟಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಿದ್ದ. ನಾನು ಬರೆದ ಹಾಳೆ ಒಯ್ದು ಕೊಟ್ಟರೆ ಓದುತ್ತಲೂ ಇರಲಿಲ್ಲ.

“ಓದೂದು ಎಂತಕೆ ಮಾರಾಯಾ? ತಲೆಬರಹ ತಯಾರದೆ. ಅದ್ಕೆ ಸರಿಯಾಗಿ ನೀ ಬರ್ದಿರ್ತೆ. ಟೊಪ್ಪಿ ಮೊದ್ಲು, ತಲೆ ಆಮೇಲೆ!”

ಚಿತ್ರಕ್ಕೂ ಇದೇ ಪಾಡು. ನಮ್ಮಲ್ಲಿ ಗಡ್ಡದ ಪುರುಷನ ಒಂದು ಬ್ಲಾಕು ಇತ್ತು. ಯಾವುದೋ ಧಾತುಪುಷ್ಟಿ ಲೇಹ್ಯದ ಜಾಹೀರಾತಿನದು. ಆ ಚಳಿಗಾಲದಲ್ಲಿ ಆ ಮನುಷ್ಯ ಮೂವರು ಅಬಿಸೀನಿಯಾ ಸೇನಾಪತಿಗಳಾದ. ನಾಲ್ಕನೇ ಸಲ ಹಾಕಹೋದಾಗ ಲೇಹ್ಯದವರು ಮತ್ತೆ ಜಾಹೀರಾತು ಕಳಿಸಿದರು. ಒಂದೇ ಸಂಚಿಕೆಯಲ್ಲಿ ಸೇನಾಪತಿಯೂ ಅವನೇ, ಲೇಹ್ಯ ತಿಂದವನೂ ಅವನೇ. ಯಾರೂ ಕೇಳಲಿಲ್ಲ. ಅಷ್ಟು ನಂಬಿಕೆ ಇತ್ತು ನಮ್ಮ ಮೇಲೆ. ಈಗ ನೆನೆದರೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಒಬ್ಬರು ಮಾತ್ರ ಕೇಳಿದರು. ಅಂಕೋಲೆಯ ಕನ್ನಡ ಶಾಲೆಯ ಪಾಂಡುರಂಗ ಮಾಸ್ತರರು. ಗೋಡೆಗೆ ನಕಾಶೆ ಹಚ್ಚಿ, ನಾನು ಬರೆದಂತೆ ಗುಂಡುಸೂಜಿ ಚುಚ್ಚುತ್ತಿದ್ದರಂತೆ. ಒಂದು ದಿನ ಸರ್ವಿಸ್ ಮೋಟಾರು ಹತ್ತಿ ನಮ್ಮ ಕಚೇರಿಗೇ ಬಂದರು.

“ನೋಡು, ನಿನ್ನ ಅಬಿಸೀನಿಯಾ ಸೈನ್ಯ ತಕಾಝೆ ನದಿ ದಾಟಿದೆ.”

“ಹೌದು ಮಾಸ್ತರರೇ.”

“ಮೂರು ವಾರದಲ್ಲಿ ಮೂರು ಸಲ ದಾಟಿದೆ. ಮೂರು ಸಲವೂ ಉತ್ತರಕ್ಕೇ. ನಡುವೆ ಯಾವಾಗ ತಿರುಗಿ ಬಂತು? ನನ್ನ ಸೂಜಿ ಎಲ್ಲಿ ಚುಚ್ಚಲಿ, ನಿನ್ನ ತಲೆಗೊ?”

ವಾಮನರಾಯರು ನಕ್ಕು ಅವರಿಗೆ ಸೋಡಾ ತರಿಸಿದರು. ಮಾಸ್ತರರು ಕುಡಿಯಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ, “ಜನ ನಿನ್ನನ್ನು ಓದುತ್ತಾರೆ, ತಿಳಕೊ,” ಎಂದರು. ನಾನು ತಿಳಿದದ್ದು ತಿರುಗಾಮುರುಗಾ. ಜನ ನನ್ನನ್ನು ಓದುತ್ತಾರಲ್ಲ ಎಂದು ಹಿಗ್ಗಿದೆ.

ಇಷ್ಟೆಲ್ಲ ಶೌರ್ಯ ತೋರಿಸಿದ ನಮ್ಮ ಪತ್ರಿಕೆ ಅಂಕೋಲೆಯ ರೈತರ ಜಪ್ತಿಯಾದ ಗದ್ದೆಗಳ ಬಗ್ಗೆ ಒಂದು ಸಾಲು ಹಾಕುತ್ತಿರಲಿಲ್ಲ. ಹಾಕಿದರೆ ಸರಕಾರ ಜಾಮೀನು ಕೇಳುತ್ತದೆ, ಪ್ರೆಸ್ಸಿಗೆ ಬೀಗ ಬೀಳುತ್ತದೆ. ಆ ಭಯ ಸುಳ್ಳಲ್ಲ, ವಾಮನರಾಯರನ್ನು ಅದಕ್ಕೆ ಬೈಯಲಾರೆ. ಬೈಯುವುದು ಬೇರೆಯದಕ್ಕೆ. ಮನೆಯಲ್ಲಿ ತೋರಿಸಲಾಗದ ಧೈರ್ಯವನ್ನು ಸಮುದ್ರದಾಚೆ ತೋರಿಸಿ, ಅದನ್ನೇ ದೇಶಸೇವೆ ಎಂದು ನಮ್ಮನ್ನೂ ನಂಬಿಸಿದರಲ್ಲ, ಅದಕ್ಕೆ. ಯಾರದೋ ದೇಶದ ಜನ ವಿಷದ ಗಾಳಿಯಲ್ಲಿ ಬೆಂದು ಸಾಯುತ್ತಿದ್ದರು. ಆ ಸಾವನ್ನು ಕೂಡ ನಾವು ಹಾಕಲಿಲ್ಲ; ಸತ್ತರೆ ಸೋತಂತೆ ಕಾಣುತ್ತದಲ್ಲ! ಅವರ ಹೆಸರಿನಲ್ಲಿ ನಾವು ಕುಣಿದೆವು, ಅವರನ್ನು ನೋಡಲಿಲ್ಲ.

ಈಗ ಹಮ್ಮಣ್ಣನ ವಿಷಯಕ್ಕೆ ಬರುತ್ತೇನೆ.

ಹಮ್ಮಣ್ಣ ನಮ್ಮ ಕೇರಿಯವನೇ. ನಾಲ್ಕನೇ ಇಯತ್ತೆಯವರೆಗೆ ನಾನು ಅವನು ಒಂದೇ ಮಣೆಯ ಮೇಲೆ ಕೂತವರು. ಲೆಕ್ಕದಲ್ಲಿ ನನಗಿಂತ ಚುರುಕು. ಅವನ ಅಪ್ಪ ಕರನಿರಾಕರಣೆಯಲ್ಲಿ ಜೈಲಿಗೆ ಹೋಗಿ ಬಂದು ಕೆಮ್ಮಿ ಕೆಮ್ಮಿ ತೀರಿಕೊಂಡ. ಗದ್ದೆಯೂ ಹೋಗಿತ್ತು. ಹಮ್ಮಣ್ಣ ಮುಂಬಯಿಗೆ ಹೋಗಿ ಒಬ್ಬ ಗುಜರಾತಿ ಬಟ್ಟೆ ಸಾಹುಕಾರರ ವಖಾರಿಯಲ್ಲಿ ಮಾಲು ಕಾಯುವ ಕೆಲಸಕ್ಕೆ ಸೇರಿದ. ಅವರದೇ ಒಂದು ಅಂಗಡಿ ಅಬಿಸೀನಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿತ್ತು. ನಂಬಿಕಸ್ಥನೆಂದು ಅಲ್ಲಿಗೆ ಕಳಿಸಿದರು. ಊರಲ್ಲಿ ಉಳಿದವಳು ಅವನ ತಾಯಿ ಬೀರಮ್ಮ ಒಬ್ಬಳೇ. ನಾನು ಅವಳನ್ನು ಬೀರಮ್ಮತ್ತೆ ಎನ್ನುತ್ತಿದ್ದೆ. ನನಗೆ ಧಾರವಾಡಕ್ಕೆ ಹೋಗುವಾಗ ಅವಲಕ್ಕಿ ಕಟ್ಟಿ ಕೊಟ್ಟವಳು.

ಮಾರ್ಚಿನ ಮೊದಲಿಗೆ ನಾನು ಊರಿಗೆ ಹೋದೆ. ಅದಕ್ಕೆ ಎರಡು ವಾರ ಹಿಂದೆ ಅಂಬಾ ಅರದಂ ಎಂಬ ದೊಡ್ಡ ಗುಡ್ಡದಲ್ಲಿ ಕಾಳಗವಾಗಿತ್ತು. ಗುಡ್ಡ ಇಟಲಿಯವರ ಕೈಗೆ ಬಿತ್ತು, ಅಬಿಸೀನಿಯಾದ ಸೈನ್ಯ ಚೆಲ್ಲಾಪಿಲ್ಲಿಯಾಯಿತು ಎಂದು ತಂತಿ ಬಂದಿತ್ತು. ಈ ಸಲ ರೋಮ್ ಒಂದೇ ಅಲ್ಲ, ಸೈನ್ಯದ ಜೊತೆಗಿದ್ದ ಬೇರೆ ದೇಶದ ವರದಿಗಾರರೂ ಹಾಗೇ ಬರೆದಿದ್ದರು. ಆ ಕತ್ತರಿಸಿದ ಚೂರು ನನ್ನ ಮೇಜಿನ ಮೇಲೆ, ಅಂಟಿನ ಡಬ್ಬಿಯ ಕೆಳಗೆ ಇತ್ತು. ನಾನು ಅದನ್ನು ಎರಡು ಸಲ ಓದಿದ್ದೆ. ಆಮೇಲೆ ಮರಾಠಿ ಪತ್ರಿಕೆಯನ್ನು ಎತ್ತಿಕೊಂಡು ‘ಗುಡ್ಡದ ಬುಡದಲ್ಲಿ ಸಾವಿರಾರು ಶತ್ರುಗಳು ನೆಲಕ್ಕೆ’ ಎಂದು ಬರೆದೆ. ಸುಬ್ರಾಯ ದಾರ ಕಟ್ಟಿದ ಸಾಲನ್ನು ಮೇಲಿಟ್ಟ.

ಊರಿಗೆ ಹೋದರೆ ಬೊಮ್ಮಯ್ಯನ ಅಂಗಡಿಯ ಜಗಲಿಯಲ್ಲಿ ಜನ ಸೇರಿದ್ದರು. ಬೊಮ್ಮಯ್ಯ ಎರಡನೇ ಇಯತ್ತೆ ಕಲಿತವನು. ನಮ್ಮ ಪತ್ರಿಕೆ ಬಂದರೆ ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದ, ಕೇರಿಯೆಲ್ಲ ಕೂತು ಕೇಳುತ್ತಿತ್ತು. ಆ ದಿನ ಓದುತ್ತಿದ್ದದ್ದು ಅದೇ ಗುಡ್ಡದ ಸಂಚಿಕೆ. ನನ್ನನ್ನು ಕಂಡದ್ದೇ ಎದ್ದು ನಿಂತ.

“ಬಾ ಬಾ! ನೋಡ್ರೋ, ಬರ್ದಂವನೇ ಬಂದ! ನಾಗೂ, ಎಂತಾ ಹೊಡ್ತ ಮಾರಾಯಾ! ನೀನೇ ಅಲ್ಲಿ ನಿಂತ್ಕಂಡು ಹೊಡ್ದಂಗೆ ಅದೆ.”

“ಅವ ಬಿ.ಎ. ಅಲ್ವೊ? ಇಲ್ಲಿ ಕೂತ್ರೂ ಅಲ್ಲಿದ್ದು ಕಾಣ್ತದೆ ಅವಂಗೆ,” ಎಂದ ಇನ್ನೊಬ್ಬ.

ಊರಗೌಡರು ನನಗೆ ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನನ್ನ ಅಪ್ಪ ಯಾವತ್ತೂ ಕೂರದ ಜಾಗ ಅದು. ಕೂತೆ.

ಅಷ್ಟರಲ್ಲಿ ಬೀರಮ್ಮತ್ತೆ ಬಂದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ಕಾಗದ ಬಿಚ್ಚಿ ಕೊಟ್ಟಳು. ಹಮ್ಮಣ್ಣನ ಕೈಬರಹ. ಸಾಹುಕಾರರು ‘ಹೋಗುವವರಿದ್ದರೆ ಈಗಲೇ ರೈಲಿನಲ್ಲಿ ಬಂದರಿಗೆ ಕಳಿಸುತ್ತೇವೆ, ಅಲ್ಲಿಂದ ಮುಂಬಯಿ ಹಡಗು ಸಿಗುತ್ತದೆ’ ಎಂದಿದ್ದಾರಂತೆ. ಹೋದರೆ ಕೆಲಸ ಹೋಗುತ್ತದೆ. ಇಲ್ಲಿ ದಿನಕ್ಕೊಂದು ಮಾತು ಹಬ್ಬುತ್ತದೆ, ನಿಜ ಯಾವುದೆಂದು ಗೊತ್ತಾಗುವುದಿಲ್ಲ. ಕೊನೆಗೆ ಬರೆದಿದ್ದ: ‘ಅಲ್ಲಿ ಪೇಪರಿನಲ್ಲಿ ಏನಿದೆ? ನಾಗುವನ್ನು ಕೇಳಿ ಬರೆಸಿ. ಅವನು ಬಾ ಎಂದರೆ ಬರುತ್ತೇನೆ, ಇರು ಎಂದರೆ ಇರುತ್ತೇನೆ.’

ನಾನು ಗಟ್ಟಿಯಾಗಿ ಓದಿ ಮುಗಿಸಿದೆ.

“ತಮಾ, ನೀ ಒಂದ್ ಮಾತ್ ಹೇಳು,” ಎಂದಳು ಬೀರಮ್ಮತ್ತೆ. “ಬಾ ಅಂತ ಬರ್ಸೂದೊ, ಬ್ಯಾಡ್ವೊ?”

ಬೊಮ್ಮಯ್ಯನ ತೊಡೆಯ ಮೇಲೆ ನನ್ನ ಪತ್ರಿಕೆ ಬಿಚ್ಚಿಕೊಂಡಿತ್ತು. ಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ‘ಬರಲಿ’ ಎಂದು ಹೇಳಬೇಕಾದರೆ, ‘ಈಗ ನೀವು ಕೇಳಿದ್ದು ಸುಳ್ಳು, ನಾನೇ ಬರೆದ ಸುಳ್ಳು’ ಎಂದೂ ಹೇಳಬೇಕು. ಎರಡು ಮಾತು. ಅಷ್ಟು ಜನರ ಎದುರು, ಆ ಜಾಗದಲ್ಲಿ ಕೂತು.

“ಬರೂದು ಬ್ಯಾಡ ಅತ್ತೆ,” ಎಂದೆ. “ಅವರೇ ಗೆಲ್ತಾ ಇದ್ದಾರೆ. ಅಂವ ಇರಲಿ.”

“ಹಂಗಾರೆ ನೀನೇ ಬರ್ದು ಕೊಡು,” ಎಂದಳು. ಬೊಮ್ಮಯ್ಯನ ಮಸಿಯಲ್ಲಿ, ಅವನ ಟಾಕಿನಲ್ಲಿ ಬರೆದು ಕೊಟ್ಟೆ. ಬಹಳ ಚಂದದ ಅಕ್ಷರ ನನ್ನದು.

ಆ ಹೊತ್ತಿನಲ್ಲಿ ನನಗೆ ಹಮ್ಮಣ್ಣನ ಜೀವದ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಮೋಟಾರಿನಲ್ಲಿ ತಿರುಗಿ ಬರುವಾಗ, ಕಾರವಾರದ ಪ್ರೆಸ್ಸಿನಲ್ಲಿ ಚೂರುಗಳನ್ನು ಅಂಟಿಸುವಾಗ ಬಂತು. ಪ್ರತಿ ಸಲವೂ ಅದಕ್ಕೆ ಒಂದು ಉತ್ತರ ಸಿದ್ಧವಿತ್ತು: ಯುದ್ಧ ಗುಡ್ಡಗಳಲ್ಲಿ ನಡೆಯುತ್ತಿದೆ, ರಾಜಧಾನಿ ದೂರ ಇದೆ, ಮಳೆ ಬಂದರೆ ಇಟಲಿಯವರ ಲಾರಿ ಕೆಸರಲ್ಲಿ ಹೂತುಹೋಗುತ್ತದೆ. ಇವೂ ನಾನೇ ಬರೆದ ಸಾಲುಗಳು. ಸುಳ್ಳು ಬರೆಯುವವನಿಗೆ ಇದೊಂದು ಅನುಕೂಲ, ತನ್ನನ್ನು ಸಮಾಧಾನ ಮಾಡಿಕೊಳ್ಳಲು ಬೇಕಾದದ್ದೆಲ್ಲ ತಾನೇ ಅಚ್ಚು ಹಾಕಿಟ್ಟಿರುತ್ತಾನೆ.

ಮೇ ತಿಂಗಳ ಮೊದಲ ವಾರ ಎಲ್ಲ ಮುಗಿಯಿತು. ಅರಸ ದೇಶ ಬಿಟ್ಟು ಹೋದ. ಇಟಲಿಯವರು ಬಂದು ಮುಟ್ಟುವ ಮೊದಲಿನ ಎರಡು ಮೂರು ದಿನ ಆಡಿಸ್ ಅಬಾಬಾದಲ್ಲಿ ದಿಕ್ಕುದೆಸೆಯಿಲ್ಲದ ಲೂಟಿ, ಬೆಂಕಿ. ಆಗಬೋಟಿನಿಂದ ಬಂದ ಕಟ್ಟು ಬಿಚ್ಚಿ ಆ ಊರಿನ ಹೆಸರನ್ನೇ ಹುಡುಕಿದೆ. ಅದರಲ್ಲಿ ಒಂದು ಸಣ್ಣ ಸುದ್ದಿ: ಅಲ್ಲಿನ ಭಾರತೀಯರಲ್ಲಿ ಬಹುತೇಕರು ಬ್ರಿಟಿಷ್ ರಾಯಭಾರಿಯ ಆವರಣ ಸೇರಿ ಕ್ಷೇಮವಾಗಿದ್ದಾರೆಂದು ತಿಳಿದುಬಂದಿದೆ. ಯಾರಿಗೆ ತಿಳಿಯಿತು, ಎಲ್ಲಿಂದ ಬಂತು, ಒಂದೂ ಇಲ್ಲ. ನೀವು ಈ ಕೆಲಸಕ್ಕೆ ಸೇರುವುದಾದರೆ ‘ತಿಳಿದುಬಂದಿದೆ’ ಎಂದು ಬರೆಯುವ ಮೊದಲು ಕೈ ಕಚ್ಚಿಕೊಳ್ಳಿ.

ಅದನ್ನು ಕನ್ನಡಕ್ಕಿಳಿಸಿ ಕೊಟ್ಟೆ. ವಾಮನರಾಯರು ಓದಿ ‘ಬಹುತೇಕರು’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಎಲ್ಲರೂ’ ಎಂದು ಮಾಡಿದರು.

“ರಾಯರೇ, ಮೂಲದಲ್ಲಿ ಹಾಗಿಲ್ಲ.”

“ಬಹುತೇಕ ಎಂದರೆ ಉಳಿದವರು ಏನಾದರು ಅಂತ ಹತ್ತು ಮಂದಿ ಕೇಳುತ್ತಾರೆ. ನಿನ್ನ ಹತ್ತಿರ ಉತ್ತರ ಇದೆಯೇ?”

“ಇಲ್ಲ.”

“ಮತ್ತೆ? ಗೆಲ್ಲಿಸಲಿಕ್ಕಂತೂ ಆಗಲಿಲ್ಲ. ಒಂದು ಒಳ್ಳೆಯ ಸುದ್ದಿಯಾದರೂ ಇರಲಿ.”

ನಾನು ಜಗಳ ಮಾಡಲಿಲ್ಲ. ನನಗೂ ಆ ‘ಎಲ್ಲರೂ’ ಬೇಕಾಗಿತ್ತು. ಅದು ಹಾಗೇ ಅಚ್ಚಾಯಿತು.

ಜೂನಿನಲ್ಲಿ ಮಳೆ ಹಿಡಿದು, ಆಗಬೋಟು ನಿಂತು, ಟಪಾಲು ಹುಬ್ಬಳ್ಳಿಯ ದಾರಿಯಿಂದ ಬರತೊಡಗಿದ ಮೇಲೆ ನನ್ನ ಹೆಸರಿಗೆ ಮುಂಬಯಿಯಿಂದ ಒಂದು ಕಾಗದ ಬಂತು. ಸಾಹುಕಾರರ ತಮ್ಮ ಗುಜರಾತಿಯಲ್ಲಿ ಬರೆದದ್ದು. ಹಮ್ಮಣ್ಣ ಅವರಲ್ಲಿ ನನ್ನ ಪ್ರೆಸ್ಸಿನ ವಿಳಾಸ ಕೊಟ್ಟಿದ್ದನಂತೆ. ಪೇಟೆಯ ಒಬ್ಬ ಗುಜರಾತಿ ವ್ಯಾಪಾರಿ ಅದನ್ನು ಓದಿ, ಕನ್ನಡಕ ತೆಗೆದು, ನನಗೆ ಹೇಳಿದರು. ಲೂಟಿಯ ಎರಡನೇ ದಿನ ಉಳಿದವರೆಲ್ಲ ಆವರಣಕ್ಕೆ ಹೋದರು, ಹಮ್ಮಣ್ಣ ವಖಾರಿಯ ಬಾಗಿಲು ಬಿಟ್ಟು ಬರಲಿಲ್ಲ. ಗುಂಡು ಬಿತ್ತು. ಹೆಣವನ್ನು ಅಲ್ಲೇ ಸುಟ್ಟರು.

ಮರುದಿನವೇ ಊರಿಗೆ ಹೋದೆ. ಅಂಕೋಲೆಯಿಂದ ಮಳೆಯಲ್ಲಿ ನಡೆದು ಮುಟ್ಟಿದಾಗ ಮೈಯೆಲ್ಲ ನೀರು. ಬೀರಮ್ಮತ್ತೆಯ ಅಂಗಳದಲ್ಲಿ ಗೌಡರು, ಬೊಮ್ಮಯ್ಯ, ಇನ್ನಿಬ್ಬರು ಎಲೆ ಅಡಿಕೆ ಇಟ್ಟುಕೊಂಡು ಕೂತಿದ್ದರು. ಹಮ್ಮಣ್ಣನಿಗೆ ಹೆಣ್ಣು ಗೊತ್ತು ಮಾಡುವ ಮಾತು. ಮಗ ಕ್ಷೇಮ ಎಂದು ಪೇಪರಿನಲ್ಲಿ ಬಂದಿದೆ, ದೀಪಾವಳಿಗೆ ಬಂದೇ ಬರುತ್ತಾನೆ, ಹತ್ತು ದಿನದಲ್ಲಿ ವೀಳ್ಯ ಬದಲಿಸಿ ಬಿಡೋಣ ಎಂದು. ವೀಳ್ಯ ಬದಲಾದರೆ ಹುಡುಗಿ ಈ ಮನೆಯವಳಾದಂತೆಯೇ.

ನಾನು ಕಾಗದ ತೆಗೆದು, ಇದ್ದದ್ದು ಇದ್ದ ಹಾಗೆ ಹೇಳಿದೆ.

ಬೀರಮ್ಮತ್ತೆ ಅಳಲಿಲ್ಲ. ಬೊಮ್ಮಯ್ಯನ ಕಡೆ ನೋಡಿದಳು. ಬೊಮ್ಮಯ್ಯ ಒಳಗಿನಿಂದ ಆ ವಾರದ ಪತ್ರಿಕೆ ತಂದ. ಅವಳು ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು.

“ಇದ್ರಲ್ಲಿ ‘ಎಲ್ಲರೂ’ ಅಂತ ಅದ್ಯಲ್ಲೊ,” ಎಂದ.

“ಅದು ತಪ್ಪು.”

“ಅಚ್ಚಾಗ್ಯದೆ,” ಎಂದರು ಗೌಡರು. “ನೀ ತಂದ ಕಾಗ್ದ ಯಾವ್ದೊ ಅಕ್ಷರ, ಇಲ್ಲಿ ಯಾರ್ಗೂ ಬರೂದಿಲ್ಲ. ಹಮ್ಮಣ್ಣ ಅಂಬೂ ಹೆಸ್ರಿನಂವ ಇನ್ನೊಬ್ಬ ಇರ್ಲಿಕ್ಕಿಲ್ವೊ? ಅಚ್ಚಾದ್ದು ಕೇರಿಯೆಲ್ಲ ಕೇಳ್ಯದೆ. ಕೇರಿಯೆಲ್ಲ ಕೇಳ್ದ ಮಾತ್ನ ಒಬ್ನ ಬಾಯಿಮಾತ್ಗೆ ಬಿಟ್ಟು ಬದ್ಕಿದ್ದಂವಗೆ ಪಿಂಡ ಹಾಕೂಕಾಗ್ತದ್ಯೊ?”

“ಗೌಡ್ರೇ, ಅಚ್ಚು ಹಾಕಿದವನೂ ನಾನೇ!”

“ಹಂಗಾರೆ ಇದ್ನೂ ಹಾಕು. ಆಮೇಲೆ ನೋಡ್ವಾ.”

ಬೀರಮ್ಮತ್ತೆ ಒಂದೇ ಮಾತು ಹೇಳಿದಳು: “ತಮಾ, ಮಳೇಲಿ ನೆಂದು ಬಂದೀಯೆ, ನಿಂಗೆ ತಲೆ ಸರಿ ಇಲ್ಲ. ಒಲೆ ಹತ್ರ ಕೂರು.”

ಅವರನ್ನು ದಡ್ಡರೆಂದು ನಗಬೇಡಿ. ಅಚ್ಚಿನ ಅಕ್ಷರ ಬಾಯಿಮಾತಿಗಿಂತ ದೊಡ್ಡದು ಎಂದು ಅವರಿಗೆ ಕಲಿಸಿದವರು ನಾವು. ಎಂಟು ತಿಂಗಳು ವಾರಕ್ಕೊಂದು ಪಾಠ ಹೇಳಿದ್ದೆವು.

ಕಾರವಾರಕ್ಕೆ ಬಂದು ವಾಮನರಾಯರ ಎದುರು ಕಾಗದ ಇಟ್ಟೆ. ತಿದ್ದುಪಡಿ ಹಾಕಬೇಕು, ಹತ್ತು ದಿನದೊಳಗೆ, ಒಬ್ಬಳು ಹುಡುಗಿಯ ಬದುಕು ಸಿಕ್ಕಿಹಾಕಿಕೊಂಡಿದೆ ಎಂದೆ. ಅವರಿಗೆ ಬೇಸರವಾಯಿತು, ನಿಜವಾಗಿಯೂ ಆಯಿತು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

“ಪಾಪ. ಆದರೆ ನೋಡು, ಒಬ್ಬ ಕೂಲಿ ಆಳಿನ ಸಾವು ಸುದ್ದಿಯಲ್ಲ. ಅಲ್ಲದೆ ಪತ್ರಿಕೆ ತಪ್ಪಿತು ಎಂದು ಪತ್ರಿಕೆಯೇ ಹೇಳಿದರೆ ಮುಂದಿನ ವಾರ ನಮ್ಮನ್ನು ಯಾರು ಓದುತ್ತಾರೆ?”

“ಓದದಿದ್ದರೆ ಒಳ್ಳೆಯದು!” ಎಂದು ಕೂಗಿದೆ. ಜೀವಮಾನದಲ್ಲಿ ಮೇಲಿನವರ ಎದುರು ಕೂಗಿದ್ದು ಅದೇ ಮೊದಲು.

“ಬಿ.ಎ., ಒಂದು ಯುದ್ಧಕ್ಕೆ ಇಷ್ಟು ತಲೆ ಕೆಡಿಸಿಕೊಂಡರೆ ಈ ಕೆಲಸ ಮಾಡಲಿಕ್ಕಾಗುವುದಿಲ್ಲ. ಈಗ ಬೇರೆ ಕಡೆ ಇನ್ನೊಂದು ಹತ್ತಿಕೊಳ್ಳುತ್ತದೆ. ಅದಕ್ಕೆ ತಯಾರಾಗು,” ಎಂದರು. ಅವರ ಮಾತು ನಿಜವಾಯಿತು. ಅದೇ ವರ್ಷ ಸ್ಪೇನು, ಮರುವರ್ಷ ಚೀನಾ.

ಆ ವಾರದ ಅಚ್ಚಿನ ದಿನ ರಾಯರು ಕುಮಟೆಗೆ ಮದುವೆಗೆ ಹೋಗಿದ್ದರು. ನಾನು ಮುಖಪುಟದ ಒಂದು ಸತ್ಕಾರ ಸಮಾರಂಭದ ವರದಿ ತೆಗೆದು, ಅಲ್ಲಿ ಹಾಕಲು ಒಂದು ಹಾಳೆ ಬರೆದು ಸುಬ್ರಾಯನಿಗೆ ಕೊಟ್ಟೆ. ಆ ದಿನ ಅವನು ಓದಿದ. ಓದಿ ನನ್ನ ಕೈಗೇ ವಾಪಸು ಇಟ್ಟ.

“ನಂಗೆ ನಾಕು ಮಕ್ಳು ಅದಾವೆ. ನಾ ಜೋಡ್ಸೂದಿಲ್ಲ.”

ನಾನೇ ಕೂತು ಮೊಳೆ ಜೋಡಿಸತೊಡಗಿದೆ. ಒಂದು ಸಾಲಿಗೆ ಅರ್ಧ ತಾಸು. ಅಕ್ಷರ ತಲೆಕೆಳಗು, ಒತ್ತು ಎಲ್ಲೋ. ಸುಬ್ರಾಯ ಬೆನ್ನು ತಿರುಗಿಸಿ ಬೀಡಿ ಸೇದುತ್ತ ನಿಂತಿದ್ದವನು ಎರಡು ಸಲ ತಿರುಗಿ ನೋಡಿದ. ಮೂರನೇ ಸಲ ಬೀಡಿ ಎಸೆದು ಬಂದು ನನ್ನನ್ನು ಸ್ಟೂಲಿನಿಂದ ತಳ್ಳಿದ.

“ಏಳ್ ಮಾರಾಯಾ. ಸತ್ತಂವನ ಹೆಸ್ರು ಹಿಂಗೆ ವಾಂಕಡಾ ನಿಲ್ಸೂದೊ? ನಾಚ್ಕೆ ಇಲ್ಲ ನಿಂಗೆ.”

ಅವನು ಜೋಡಿಸಿದ್ದು ಇಷ್ಟು: ‘ಅಂಕೋಲಾ ತಾಲೂಕಿನ ಹಿಲ್ಲೂರು ಕಡೆಯ ಬೀರಮ್ಮನ ಮಗ ಹಮ್ಮಣ್ಣ ಆಡಿಸ್ ಅಬಾಬಾದ ಲೂಟಿಯಲ್ಲಿ ಗುಂಡು ತಗಲಿ ತೀರಿಕೊಂಡಿದ್ದಾನೆ. ಅಲ್ಲಿನ ಭಾರತೀಯರೆಲ್ಲರೂ ಕ್ಷೇಮ ಎಂದು ಈ ಪತ್ರಿಕೆ ಹಾಕಿದ ಸುದ್ದಿ ಸುಳ್ಳು. ಅಂಬಾ ಅರದಂ ಗುಡ್ಡದಲ್ಲಿ ಅಬಿಸೀನಿಯಾಕ್ಕೆ ಜಯವಾಯಿತು ಎಂದು ಹಾಕಿದ್ದೂ ಸುಳ್ಳು. ಸೋಲಿನ ತಂತಿ ಆಗಲೇ ಕಚೇರಿಗೆ ಬಂದಿತ್ತು. ಸುಳ್ಳು ಬರೆದವನು ನಾನು.’ ಕೆಳಗೆ ನನ್ನ ಪೂರ್ತಿ ಹೆಸರು. ಹೆಸರಿನ ಮುಂದೆ ಬಿ.ಎ. ಎಂದು ಅವನಾಗಿಯೇ ಸೇರಿಸಿದ್ದ. ನಾನು ತೆಗೆಸಲಿಲ್ಲ.

ರಾಯರು ಬಂದ ದಿನವೇ ನನ್ನನ್ನು ತೆಗೆದರು. ಸುಬ್ರಾಯನನ್ನು ತೆಗೆಯಲಿಲ್ಲ, ಅವನಷ್ಟು ನೇರ ಸಾಲು ಜಿಲ್ಲೆಯಲ್ಲಿ ಯಾರೂ ನಿಲ್ಲಿಸುತ್ತಿರಲಿಲ್ಲ.

ಸಂಚಿಕೆ ಹಿಡಿದುಕೊಂಡು ಊರಿಗೆ ಹೋದೆ. ವೀಳ್ಯಕ್ಕೆ ಮೂರು ದಿನ ಉಳಿದಿತ್ತು. ಬೀರಮ್ಮತ್ತೆ ಎಂದಿನಂತೆ ಜಗಲಿಯ ಮೇಲೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ತಂದಿಟ್ಟಳು. ಗೌಡರು ಬಂದರು, ಕೇರಿಯವರು ಬಂದರು. ನಾನೇ ಓದುತ್ತೇನೆ ಎಂದೆ. “ಬ್ಯಾಡ, ಬೊಮ್ಮಯ್ಯ ಓದ್ಲಿ,” ಎಂದರು ಗೌಡರು.

ಬೊಮ್ಮಯ್ಯ ಬೆರಳಿಟ್ಟು ಓದಿದ. ಮಗ ಸತ್ತ ಸಾಲು ಬಂದಾಗ ಹೆಂಗಸರು ಗೊಳೋ ಎಂದರು. ಬೀರಮ್ಮತ್ತೆ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು, “ಮುಗಿಲಿ” ಎಂದಳು. ಬೊಮ್ಮಯ್ಯ ಮುಂದೆ ಓದಿದ. ‘ಸೋಲಿನ ತಂತಿ ಆಗಲೇ’ ಎಂಬಲ್ಲಿ ಅವನ ಬೆರಳು ನಿಂತಿತು. ನನ್ನ ಮುಖ ನೋಡಿ, ಮತ್ತೆ ತಲೆ ತಗ್ಗಿಸಿ, ಹೆಸರಿನವರೆಗೂ ಓದಿ ಮುಗಿಸಿದ.

ಬೀರಮ್ಮತ್ತೆ ಬೆರಳು ಮಡಿಸಿ ತಿಂಗಳ ಲೆಕ್ಕ ಹಾಕಿದಳು.

“ನಾ ಕಾಗ್ದ ತಕಂಡು ಬಂದ ದಿವ್ಸ,” ಎಂದಳು, “ನಿಂಗೆ ಗೊತ್ತಿತ್ತೊ?”

“ಗೊತ್ತಿತ್ತು ಅತ್ತೆ.”

“ಗೊತ್ತಿದ್ದೂ ಬ್ಯಾಡ ಅಂದ್ಯೊ?”

“ಹೌದು.”

ಅವಳು ಎದ್ದು, ನಾನಿನ್ನೂ ಮುಟ್ಟದ ತಂಬಿಗೆಯನ್ನು ಎತ್ತಿಕೊಂಡು, ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.

ವೀಳ್ಯ ನಿಂತಿತು. ಹುಡುಗಿಗೆ ಬೇರೆ ಕಡೆ ಮದುವೆಯಾಯಿತೆಂದು ಕೇಳಿದೆ. ಹಮ್ಮಣ್ಣನ ಕ್ರಿಯೆ ಆಯಿತು. ನನಗೆ ಯಾರೂ ಹೇಳಿಕಳಿಸಲಿಲ್ಲ. ಆಮೇಲೆ ನಾನು ಹುಬ್ಬಳ್ಳಿಗೆ ಹೋದೆ, ಬೇರೆ ಪತ್ರಿಕೆಗಳನ್ನು ಕಂಡೆ, ನನ್ನ ಕೈಕೆಳಗೂ ಎಷ್ಟೋ ಬಿ.ಎ.ಗಳು ಬಂದರು. ಎಲ್ಲ ಯುದ್ಧದಲ್ಲೂ ಎರಡು ತಂತಿ ಬರುತ್ತವೆ, ಎರಡನ್ನೂ ಹಾಕಿ, ಯಾರು ಹೇಳಿದರೆಂದು ಹಾಕಿ ಎಂದು ಅವರ ತಲೆ ತಿಂದ ಮುದುಕ ನಾನೇ. ಆ ‘ಹೌದು’ ಎಂಬ ಒಂದು ಮಾತು ಮಾರ್ಚಿನಲ್ಲೇ, ಆ ಜಗಲಿಯಲ್ಲೇ ಬಾಯಿಂದ ಬಂದಿದ್ದರೆ ಅದಕ್ಕೆ ಒಂದು ಜೀವದ ಬೆಲೆ ಇತ್ತು. ಜೂನಿನಲ್ಲಿ ಅದು ಬರೀ ಸತ್ಯ.

ಬೀರಮ್ಮತ್ತೆ ಅದಾದ ಮೇಲೆ ಹನ್ನೆರಡು ವರ್ಷ ಬದುಕಿದ್ದಳು. ಮುಂಬಯಿಯ ಸಾಹುಕಾರರಿಗೆ, ಗದ್ದೆಯ ವಿಷಯಕ್ಕೆ ಮಾಮಲೇದಾರರಿಗೆ ಅವಳು ಬರೆಸಬೇಕಾದ ಕಾಗದ ಬಹಳ ಇದ್ದವು. ನಾನು ಊರಿಗೆ ಬಂದಾಗಲೆಲ್ಲ ಅವಳ ಮನೆಯ ಮುಂದಿನಿಂದ ನಿಧಾನವಾಗಿ ಹಾದುಹೋಗುತ್ತಿದ್ದೆ. ಅವಳು ಒಂದನ್ನೂ ನನ್ನ ಕೈಯಿಂದ ಬರೆಸಲಿಲ್ಲ. ಎಲ್ಲವನ್ನೂ ಬೊಮ್ಮಯ್ಯನೇ ಬರೆದ, ಒತ್ತಕ್ಷರ ತಪ್ಪಿ, ಎರಡನೇ ಇಯತ್ತೆಯ ಅಕ್ಷರದಲ್ಲಿ.